ಮುಟ್ಟಬೇಡಿ ಎಂದಷ್ಟೇ ಹೇಳಿದ್ದೆ

ನಮ್ಮ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬೇಯುತ್ತದೆ. ಮೊದಲು ಎರಡು ದಿನ ಇತ್ತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರದ ಜೊತೆ ಕೈಜೋಡಿಸಿದ ಮೇಲೆ ಆರು ದಿನವಾಯಿತು. ಮಧ್ಯಾಹ್ನ ಜಗಲಿಯಲ್ಲಿ ಸಾಲಾಗಿ ಕೂತು, ತಟ್ಟೆಯ ಅಂಚಿಗೆ ಕುಟ್ಟಿ ಸಿಪ್ಪೆ ಸುಲಿಯುವ ಮಕ್ಕಳನ್ನು ನೋಡುವುದೇ ನನಗೊಂದು ಸಂತೋಷ. ಆದರೆ ದಿನವೂ ಕೈಗೆ ಬರುವ ಈ ಮೊಟ್ಟೆಯ ಬಗ್ಗೆ ತರಗತಿಯಲ್ಲಿ ನಾವು ಹೇಳಿಕೊಡುವುದು ಎಷ್ಟು? ಮೊಟ್ಟೆ, ಮರಿ, ಕೋಳಿ ಎಂಬ ಮೂರು ಚಿತ್ರ, ನಡುವೆ ಬಾಣದ ಗುರುತು. ಮೊದಲ ಬಾಣದೊಳಗೆ 21 ದಿನಗಳಿವೆ. ಅಷ್ಟನ್ನೂ ದಾಟಿಸಿಬಿಟ್ಟು ಪಾಠ ಮುಗಿಯಿತು ಎನ್ನುತ್ತೇವೆ.

ಕಳೆದ ವರ್ಷ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಮೊಟ್ಟೆ ಬೇಡವೆಂದಳು. ಅವಳ ಮನೆಯಲ್ಲಿ ಎಲ್ಲರೂ ತಿನ್ನುವವರೇ. ಏಕೆ ಎಂದು ಕೇಳಿದರೆ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದವಳು ಹೇಳಿದಳು: “ಬೇಯಿಸಿದರೆ ಒಳಗಿನ ಮರಿ ಸತ್ತುಹೋಗುತ್ತದಂತೆ ಮಿಸ್. ಅದಕ್ಕೇ ಅವಳು ತಿನ್ನುವುದಿಲ್ಲ.” ಮನೆಯ ಪದ್ಧತಿಯಿಂದ ಮೊಟ್ಟೆ ಬಿಟ್ಟ ಮಕ್ಕಳಿಗೆ ಬಾಳೆಹಣ್ಣು ಇದೆ. ಅದರ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ಇಲ್ಲದ ಮರಿಯ ಹೆಸರಿನಲ್ಲಿ ಮಗುವೊಂದು ಮನಸ್ಸಿನಲ್ಲೇ ಕೊರಗುವುದನ್ನು ಮಾತ್ರ ನೋಡಲಾಗಲಿಲ್ಲ.

ಅಂದೇ ಮಧ್ಯಾಹ್ನ ಪಾಠ ನಿಲ್ಲಿಸಿ ಇದನ್ನೇ ಮಾತಾಡಿದೆವು. ಶಾಲೆಗೆ ಬರುವ ಮೊಟ್ಟೆ ಫಾರಂನದು. ಅಲ್ಲಿ ಮೊಟ್ಟೆಗೆಂದೇ ಸಾಕಿದ ಕೋಳಿಗಳ ಜೊತೆ ಹುಂಜ ಇರುವುದಿಲ್ಲ. ಹುಂಜ ಕೂಡದಿದ್ದರೂ ಕೋಳಿ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆಗೆ ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗುವುದಿಲ್ಲ. ಈ ಮಾತು ಹೇಳಲು ಎಷ್ಟೋ ಶಿಕ್ಷಕರಿಗೆ ಮುಜುಗರ. ಹಿತ್ತಿಲಲ್ಲಿ ಹುಂಜ ಹ್ಯಾಟೆಯ ಬೆನ್ನೇರುವುದನ್ನು ನೋಡಿಕೊಂಡೇ ಬೆಳೆದ ಮಕ್ಕಳ ಮುಂದೆ ನಾವೇಕೆ ನಾಚಿಕೊಳ್ಳಬೇಕು? ಮೊಟ್ಟೆಯಲ್ಲಿ ಕಾಣುವ ಬಿಳಿ ದಾರದಂಥ ಎಳೆಯೇ ಮರಿ ಎಂದು ಅರ್ಧ ತರಗತಿ ನಂಬಿತ್ತು. ಒಂದು ಹಸಿ ಮೊಟ್ಟೆಯನ್ನು ತಟ್ಟೆಗೆ ಒಡೆದು ತೋರಿಸಿದೆ. ಆ ಎಳೆಯ ಕೆಲಸ ಹಳದಿ ಭಾಗವನ್ನು ನಡುವೆ ಹಿಡಿದು ನಿಲ್ಲಿಸುವುದು. ಹಳದಿ ಭಾಗವೂ ಮರಿಯಲ್ಲ, ಅದು ಮರಿಗೆ ಕಟ್ಟಿಟ್ಟ ಬುತ್ತಿ. ಹುಂಜ ಕೂಡಿದ್ದರೆ, ಕಾವು ಸಿಕ್ಕರೆ, ಹಳದಿಯ ಮೇಲಿನ ಸಾಸಿವೆಯಷ್ಟಗಲದ ಮಸುಕು ಚುಕ್ಕೆಯಿಂದ ಮರಿ ಬೆಳೆಯುತ್ತದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: “ಫಾರಂನಲ್ಲಿ ಹುಂಜ ಇಲ್ಲ ಅಂದರೆ, ಅಲ್ಲಿಗೆ ಕೋಳಿಮರಿ ಕಳಿಸುವವರು ಹುಂಜದ ಮರಿಗಳನ್ನೆಲ್ಲ ಏನು ಮಾಡುತ್ತಾರೆ ಮಿಸ್?”

ಇಪ್ಪತ್ತು ವರ್ಷದ ಕೆಲಸದಲ್ಲಿ ಇಷ್ಟು ನೇರವಾದ ಪ್ರಶ್ನೆಗಳನ್ನು ನಾನು ಕೇಳಿದ್ದು ಕಡಿಮೆ. ಇದ್ದದ್ದನ್ನು ಹೇಳಿದೆ. ಮೊಟ್ಟೆ ತಳಿಯ ಗಂಡುಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಹಾಗಾಗಿ ಪ್ರಪಂಚದ ಬಹಳ ಕಡೆ ಹುಟ್ಟಿದ ದಿನವೇ ಕೊಂದುಬಿಡುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿದೆ. ನಮ್ಮ ಜಾತ್ರೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದು ರಟ್ಟಿನ ಡಬ್ಬದಲ್ಲಿ ಮಾರುವ ಮರಿಗಳಲ್ಲಿ ಹೆಚ್ಚಿನವು ಇಂಥ ಗಂಡುಮರಿಗಳೇ. ಬಹಳ ಮಕ್ಕಳು ಅವನ್ನು ಕೊಂಡು ತಂದಿದ್ದರು. ಎರಡು ಮೂರು ದಿನಕ್ಕೆ ಸತ್ತದ್ದನ್ನೂ ನೋಡಿದ್ದರು. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಪೋಷಕರಲ್ಲಿ ನನ್ನ ಮನವಿ: ಮಗು ಎಷ್ಟೇ ಹಟ ಹಿಡಿಯಲಿ, ದಯವಿಟ್ಟು ಆ ಬಣ್ಣದ ಮರಿಗಳನ್ನು ಕೊಳ್ಳಬೇಡಿ.

ಮೊಟ್ಟೆಯಿಂದ ಮರಿ ಬರುವುದನ್ನು ಕಣ್ಣಾರೆ ತೋರಿಸಬೇಕು ಎಂಬ ಹಂಬಲ ಹುಟ್ಟಿದ್ದು ಅಲ್ಲಿಂದ. ಶಾಲೆಯ ಎದುರು ಮನೆಯ ಅಜ್ಜಿಯ ಹ್ಯಾಟೆ ದೀಪಾವಳಿ ಕಳೆದ ಮೇಲೆ ಕಾವಿಗೆ ಕೂತಿತು. ಗರಿ ಕೆದರಿಕೊಂಡು, ಹತ್ತಿರ ಹೋದರೆ ಗುರುಗುಟ್ಟುತ್ತಾ ಜಾಗ ಬಿಡದೆ ಕೂರುತ್ತಿತ್ತು. ಅಜ್ಜಿಯನ್ನು ಕೇಳಿದೆ. “ಕೂರಿಸಿಕೊಳ್ಳಿ ಟೀಚರಮ್ಮ, ಮರಿ ಮಾತ್ರ ನನ್ನವು” ಎಂದರು. ಅದಕ್ಕಿಂತ ಒಳ್ಳೆಯ ಕರಾರು ಬೇಕಿರಲಿಲ್ಲ. ಪೇಟೆಯ ಕೆಲವು ಶಾಲೆಗಳಲ್ಲಿ ಕರೆಂಟಿನ ಕಾವುಪೆಟ್ಟಿಗೆ ತಂದು 37.5 ಡಿಗ್ರಿಗೆ ಇಟ್ಟು ಮರಿ ಮಾಡಿಸುತ್ತಾರೆ. ತಪ್ಪೆನ್ನುವುದಿಲ್ಲ. ಆದರೆ ಮರಿ ಹುಟ್ಟುವುದಕ್ಕೆ ಮೊದಲೇ ಅದು ಯಾರ ಮನೆಯಲ್ಲಿ ಬೆಳೆಯುತ್ತದೆ ಎಂಬುದು ತೀರ್ಮಾನವಾಗಿರಬೇಕು. ಅದು ಗೊತ್ತಿಲ್ಲದಿದ್ದರೆ ಪೆಟ್ಟಿಗೆಯ ಸ್ವಿಚ್ ಹಾಕಲೇಬಾರದು.

ಹಳೆಯ ಬೆಂಚು ತುಂಬಿದ್ದ ಕೋಣೆಯ ಮೂಲೆಯಲ್ಲಿ ಮಂಕರಿ ಇಟ್ಟು, ಮರಳು ಹರವಿ, ಮೇಲೆ ಒಣಹುಲ್ಲು ಹಾಸಿದೆವು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅಜ್ಜಿ ಒಂದು ಇದ್ದಿಲು, ಒಂದು ಕಬ್ಬಿಣದ ಚೂರು ಇಟ್ಟರು. ಅದನ್ನು ನಾನು ತೆಗೆಯಲಿಲ್ಲ. ಬುಧವಾರ ಸಂಜೆ 11 ಮೊಟ್ಟೆ ಇಟ್ಟು ಕೋಳಿಯನ್ನು ಕೂರಿಸಿದರು.

ಮೊದಲ ದಿನದಿಂದಲೇ ಪ್ರಶ್ನೆಗಳು. ಈ ಮೊಟ್ಟೆಗಳನ್ನು ಹ್ಯಾಟೆ ಎರಡು ವಾರದಲ್ಲಿ ಒಂದೊಂದಾಗಿ ಇಟ್ಟಿತ್ತು. ಹಾಗಿದ್ದರೆ ಮೊದಲು ಇಟ್ಟದ್ದು ಮೊದಲು ಒಡೆಯಬೇಕಲ್ಲ? ಇಲ್ಲ. ಕಾವು ಸಿಗುವವರೆಗೆ ಒಳಗಿನ ಬೆಳವಣಿಗೆ ತಡೆದು ನಿಂತಿರುತ್ತದೆ. ಎಲ್ಲಕ್ಕೂ ಒಟ್ಟಿಗೆ ಕಾವು ಸಿಕ್ಕಿದರೆ ಎಲ್ಲವೂ ಒಟ್ಟಿಗೆ ಶುರು. ತಾಯಿಗೆ ಮೊದಲನೆಯ ಮರಿಯನ್ನು ನೋಡಿಕೊಳ್ಳುತ್ತಾ ಕೊನೆಯದಕ್ಕೆ ಕಾವು ಕೊಡುವ ಪಾಡು ಬರುವುದಿಲ್ಲ. ದಿನಕ್ಕೊಮ್ಮೆ ಕಾಲು ಗಂಟೆ ಎದ್ದು, ನುಚ್ಚು ತಿಂದು, ನೀರು ಕುಡಿದು, ಒಂದೇ ಸಲ ದೊಡ್ಡದಾಗಿ ಹಿಕ್ಕೆ ಹಾಕಿ ಓಡಿಬಂದು ಕೂರುತ್ತಿತ್ತು. ಆ ನಾತಕ್ಕೆ ಮಕ್ಕಳು ಮೂಗು ಮುಚ್ಚಿ ನಕ್ಕರು. ಗೂಡು ಗಲೀಜಾಗಬಾರದೆಂದು ಇಡೀ ದಿನ ತಡೆದುಕೊಂಡಿದ್ದಕ್ಕೆ ಹಾಗೆ ಎಂದು ತಿಳಿದಾಗ ನಗು ನಿಂತಿತು. ಕೊಕ್ಕಿನಿಂದ ಮೊಟ್ಟೆಗಳನ್ನು ಹೊಟ್ಟೆಯ ಕೆಳಗೇ ಉರುಳಿಸಿ ತಿರುಗಿಸುವುದನ್ನು ಕಿಟಕಿಯಿಂದ ನೋಡಲು ಸರದಿ ಸಾಲು ನಿಲ್ಲುತ್ತಿತ್ತು.

ಏಳನೆಯ ದಿನ ಕೋಣೆಯ ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆಯನ್ನು ಬೊಗಸೆಯಲ್ಲಿ ಹಿಡಿದೆ. ಕೆಂಪು ದಾರಗಳು ಜೇಡನ ಕಾಲಿನಂತೆ ಹರಡಿದ್ದವು, ನಡುವೆ ಕಪ್ಪು ಚುಕ್ಕೆಯೊಂದು ಮಿಸುಕಿತು. ಅಜ್ಜಿ ಇದೇ ಕೆಲಸವನ್ನು ಬೆಳಗಿನ ಬಿಸಿಲಿಗೆ ಮುಷ್ಟಿ ಹಿಡಿದು ಮಾಡುತ್ತಾರೆ, ಟಾರ್ಚು ಅವರಿಗೆ ಬೇಕಿಲ್ಲ. ಎರಡು ಮೊಟ್ಟೆಗಳಲ್ಲಿ ಏನೂ ಕಾಣಲಿಲ್ಲ, ಬರೀ ಬೆಳಕು. ಅವನ್ನು ತೆಗೆದಿಟ್ಟೆವು. ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕಾವಿನ ಮೊಟ್ಟೆಗಳನ್ನು ಬೇರೆ ಬೇರೆ ದಿನ ಒಡೆದು ನೋಡಿ, ರಕ್ತದ ಬೊಟ್ಟಿನಂಥ ಹೃದಯ ಮಿಡಿಯುವುದನ್ನು ಬರೆದಿಟ್ಟಿದ್ದಾನೆ. ನಮ್ಮ ತರಗತಿಯಲ್ಲಿ ಹಾಗೆ ಒಡೆಯುವುದು ಬೇಡ, ಮೊಬೈಲಿನ ಬೆಳಕು ಸಾಕು.

ನನಗೆ ಅತ್ಯಂತ ಇಷ್ಟವಾದ ಪಾಠ ತೂಕದ್ದು. ಕಾವಿಗಿಡುವ ಮೊದಲು ಒಂದು ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದ್ದೆವು: 42 ಗ್ರಾಂ. ಮರಿ ಬೆಳೆದ ಮೇಲೆ ತೂಕ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಕೇಳಿದೆ. ಎಲ್ಲ ಕೈಗಳೂ ಹೆಚ್ಚುತ್ತದೆ ಎಂದವು. ಒಳಗೆ ಮೂಳೆ, ಕಾಲು, ಕೊಕ್ಕು, ಗರಿ ಬಂದ ಮೇಲೆ ಭಾರವಾಗದೆ ಇರುತ್ತದೆಯೇ? ಹದಿನೇಳನೆಯ ದಿನ, ಕೋಳಿ ಎದ್ದಿದ್ದ ಹೊತ್ತಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಒಯ್ದು ತೂಗಿದೆವು. 37 ಗ್ರಾಂ. ಅಂಗಡಿಯವರು ತಕ್ಕಡಿ ಸರಿಯಿದೆ ಎಂದು ಆಣೆ ಮಾಡಿ ಹೇಳಬೇಕಾಯಿತು. ಒಳಗಿರುವುದರಿಂದಲೇ ಮರಿ ಆಗಬೇಕು, ಹೊರಗಿನಿಂದ ಅನ್ನ ಹೋಗುವುದಿಲ್ಲ. ಅದರ ಮೂಳೆಗೆ ಸುಣ್ಣದ ಅಂಶ ಕೂಡ ಚಿಪ್ಪಿನಿಂದಲೇ ಬರುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ನೀರು ಆವಿಯಾಗಿ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ. ಬಂದ ಗಾಳಿ ಮೊಟ್ಟೆಯ ದಪ್ಪ ತುದಿಯಲ್ಲಿ ಸೇರುತ್ತದೆ. ಮರುದಿನದ ಬಿಸಿಯೂಟದಲ್ಲಿ, ಮೊಟ್ಟೆ ಬಿಟ್ಟಿದ್ದ ಅದೇ ಹುಡುಗಿ ಸಿಪ್ಪೆ ಸುಲಿದು, ಬೆಂದ ಮೊಟ್ಟೆಯ ಬುಡದಲ್ಲಿದ್ದ ತಗ್ಗಿಗೆ ಬೆರಳಿಟ್ಟು, “ಇದೇನಾ ಮಿಸ್ ಗಾಳಿಯ ಮನೆ?” ಎಂದಳು. ದಿನಾ ತಿನ್ನುವ ಮೊಟ್ಟೆಯಲ್ಲಿ ಆ ತಗ್ಗನ್ನು ನಾನೂ ಅದುವರೆಗೆ ಗಮನವಿಟ್ಟು ನೋಡಿರಲಿಲ್ಲ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಮಂಗಳವಾರ ಮಧ್ಯಾಹ್ನ ಮೊಟ್ಟೆಗಳ ಒಳಗಿನಿಂದ ಕೀಚಲು ದನಿ ಕೇಳಿಸಿತು. ಹ್ಯಾಟೆ ಮೆತ್ತಗೆ ಕ್ಲಕ್ ಕ್ಲಕ್ ಎಂದು ಉತ್ತರಿಸುತ್ತಿತ್ತು. ಸಂಜೆಯ ಹೊತ್ತಿಗೆ ಮೂರರಲ್ಲಿ ಸಣ್ಣ ಬಿರುಕು. “ಯಾರೂ ಮುಟ್ಟಬೇಡಿ” ಎಂದು ಗಟ್ಟಿಯಾಗಿ ಹೇಳಿ ಬೀಗ ಹಾಕಿದೆ. ಬುಧವಾರ ಬೆಳಿಗ್ಗೆ ಬಂದು ಬೀಗ ತೆಗೆದಾಗ ಏಳು ಮರಿಗಳು ತಾಯಿಯ ರೆಕ್ಕೆಯಡಿಯಿಂದ ಇಣುಕುತ್ತಿದ್ದವು. ಎಂಟನೆಯ ಮೊಟ್ಟೆಯಲ್ಲಿ ತೂತು ಬಿದ್ದಿತ್ತು, ಕೊಕ್ಕಿನ ತುದಿಯ ಬಿಳಿ ಮುಳ್ಳು ಕಾಣುತ್ತಿತ್ತು, ಮರಿ ಅಲುಗುತ್ತಿರಲಿಲ್ಲ. ಪ್ರಾರ್ಥನೆಗೆ ಗಂಟೆ ಹೊಡೆಯಿತು. ಎಲ್ಲರೂ ಅಂಗಳಕ್ಕೆ ಹೋದೆವು, ಐದನೆಯ ತರಗತಿಯ ಒಬ್ಬ ಹುಡುಗನನ್ನು ಬಿಟ್ಟು.

ನಾನು ವಾಪಸು ಬರುವಾಗ ಅವನು ಗೋಡೆಗೊರಗಿ ಕೂತಿದ್ದ. ಅಂಗೈಯಲ್ಲಿ ಚಿಪ್ಪಿನ ಚೂರುಗಳು, ಒದ್ದೆ ಮರಿ, ಬೆರಳಿನ ಸಂದಿಯಲ್ಲಿ ರಕ್ತ. “ಹೊರಗೆ ಬರಲು ಕಷ್ಟಪಡುತ್ತಿತ್ತು ಮಿಸ್, ಸ್ವಲ್ಪ ಬಿಡಿಸಿದೆ” ಎಂದ. ಹತ್ತು ನಿಮಿಷದಲ್ಲಿ ಮರಿ ಸತ್ತಿತು. ಅವನು ಅಳಲೂ ಇಲ್ಲ. ಎರಡು ದಿನ ಶಾಲೆಗೆ ಬರಲಿಲ್ಲ.

ಶುಕ್ರವಾರ ಸಂಜೆ ಅವನ ಮನೆಗೆ ಹೋದೆ. ದಾರಿಯುದ್ದಕ್ಕೂ ನನ್ನನ್ನು ಕೊರೆಯುತ್ತಿದ್ದುದು ಒಂದೇ: ನಾನು ಮುಟ್ಟಬೇಡಿ ಎಂದು ಹೇಳಿದ್ದೆ, ಏಕೆ ಎಂದು ಹೇಳಿರಲಿಲ್ಲ. ಏಕೆ ಎಂಬುದು ನನಗೆ ಗೊತ್ತಿತ್ತು. ಮೊದಲ ತೂತು ಬಿದ್ದ ಮೇಲೆ ಮರಿ ಅರ್ಧ ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು, ಸುಮ್ಮನೆ ಇರುತ್ತದೆ. ಅದು ಸೋತು ಕೂತದ್ದಲ್ಲ. ಅಲ್ಲಿಯವರೆಗೆ ಚಿಪ್ಪಿನ ಒಳಗಿನ ಪೊರೆಯೇ ಅದಕ್ಕೆ ಉಸಿರಾಟದ ಅಂಗ, ಪೊರೆಯ ತುಂಬ ರಕ್ತನಾಳಗಳು. ಆ ಹೊತ್ತಿನಲ್ಲಿ ಶ್ವಾಸಕೋಶ ಕೆಲಸ ವಹಿಸಿಕೊಳ್ಳುತ್ತದೆ, ಪೊರೆಯ ರಕ್ತ ಮೈಗೆ ಹಿಂತಿರುಗುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಸೇರುತ್ತದೆ. ಹುಟ್ಟಿದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು ಎಂದರೆ ಆ ಹಳದಿಯ ಬಲದಿಂದ. ಈ ಕೆಲಸವೆಲ್ಲ ಮುಗಿಯುವ ಮೊದಲೇ ಸಿಪ್ಪೆ ಬಿಡಿಸಿದರೆ ರಕ್ತನಾಳ ಹರಿಯುತ್ತದೆ.

ಇಷ್ಟನ್ನೂ ಅವನ ಮನೆಯ ಜಗಲಿಯಲ್ಲಿ ಕೂತು ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, “ಇದನ್ನು ಮಂಗಳವಾರವೇ ಹೇಳಿದ್ದರೆ ನಾನು ಮುಟ್ಟುತ್ತಿರಲಿಲ್ಲ” ಎಂದ. ಅವನ ತಾಯಿ, “ಮಿಸ್ ಎದುರು ಹೀಗೆ ಮಾತಾಡುತ್ತೀಯಾ” ಎಂದು ಗದರಿದರು. ಅವನು ಹೇಳಿದ್ದು ಸರಿ ಎಂದು ನಾನು ಅವರಿಗೆ ಹೇಳಿದೆ.

ಮಕ್ಕಳ ಕರುಣೆ ದೊಡ್ಡದು, ಅದನ್ನು ಬೈಗುಳದಿಂದ ತಡೆಯಲಾಗುವುದಿಲ್ಲ. ಅದಕ್ಕೆ ತಿಳಿವಳಿಕೆಯ ಜೊತೆ ಬೇಕು. ಈ ಮಾತನ್ನು ನಾನು ಶಿಕ್ಷಕರ ಸಭೆಯಲ್ಲೂ ಹೇಳಿದೆ. ಸತ್ತ ಮರಿಯ ವಿಷಯ ಏಕೆ ಬೇಕು, ಮಕ್ಕಳ ಮನಸ್ಸಿಗೆ ಘಾಸಿಯಾಗುತ್ತದೆ, ಹುಟ್ಟಿದ ಏಳರ ಫೋಟೊ ಹಾಕಿದರೆ ಸಾಕಿತ್ತು ಎಂದು ಒಬ್ಬರು ಅಂದರು. ನಾನು ಒಪ್ಪುವುದಿಲ್ಲ. ನಮ್ಮ ಚಾರ್ಟಿನಲ್ಲಿ 11ಕ್ಕೂ ಲೆಕ್ಕವಿದೆ: ಎರಡು ಬರಿದು, ಒಂದು ಪೂರ್ತಿ ಬೆಳೆದರೂ ಚಿಪ್ಪಿನೊಳಗೇ ಸತ್ತದ್ದು, ಒಂದು ನಮ್ಮ ಕೈಯಿಂದ ಹೋದದ್ದು, ಏಳು ಬದುಕಿದ್ದು. ಮಕ್ಕಳೇ ಬರೆದರು, ಯಾವುದನ್ನೂ ಬಿಡಲಿಲ್ಲ.

ಮೂರನೆಯ ದಿನ ಅಜ್ಜಿ ಬಂದು ತಾಯಿ ಮರಿಗಳನ್ನು ಮನೆಗೆ ಒಯ್ದರು. ಅಷ್ಟರಲ್ಲಿ ಪ್ರತಿ ಮಗುವೂ ಒಂದೊಂದು ಮರಿಯನ್ನು ಅಂಗೈಯಲ್ಲಿ ಹಿಡಿದಾಗಿತ್ತು, ಹಿಡಿದ ಮೇಲೆ ಸೋಪು ಹಾಕಿ ಕೈ ತೊಳೆದೂ ಆಗಿತ್ತು. ಕೋಳಿಮರಿಯ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಬಾಯಿಗೆ ಹೋದರೆ ವಾಂತಿ ಭೇದಿ ಎಂದು ಕಾರಣ ಹೇಳಿದ್ದೆ. ಒಬ್ಬರೂ ತೊಳೆಯದೆ ಹೋಗಲಿಲ್ಲ. ಏಳರಲ್ಲಿ ಒಂದನ್ನು ಹದ್ದು ಒಯ್ದಿತು. ಉಳಿದವುಗಳಲ್ಲಿ ಮೂರು ಹುಂಜ. ಮಾರಿಹಬ್ಬಕ್ಕೆ ಕೊಯ್ಯುತ್ತಾರಾ ಎಂದು ಮಕ್ಕಳು ಕೇಳಿದರು. ಹೌದು, ಅಜ್ಜಿ ಸಾಕುವುದೇ ಅದಕ್ಕೆ ಎಂದೆ. ಇಬ್ಬರು ಮುಖ ತಿರುಗಿಸಿದರು, ಒಬ್ಬಳು ಅಜ್ಜಿಯ ಬಳಿ ಹೋಗಿ ಒಂದನ್ನಾದರೂ ಉಳಿಸಿಕೊಳ್ಳಿ ಎಂದು ಚೌಕಾಸಿ ಮಾಡಿದಳು. ಒಂದು ಉಳಿದಿದೆ.

ಮಾರ್ಚಿನಲ್ಲಿ ಅದೇ ಹ್ಯಾಟೆ ಮತ್ತೆ ಕಾವಿಗೆ ಕೂತಿತು. ಈ ಸಲ ಮಂಕರಿಗೆ ಮರಳು ಹೊತ್ತು ತಂದವನು ಆ ಹುಡುಗನೇ. ಹದಿನೆಂಟನೆಯ ದಿನ ಕೋಣೆಯ ಬಾಗಿಲಿಗೆ ರಟ್ಟಿನ ತುಂಡೊಂದನ್ನು ಅಂಟಿಸಿದ್ದ. ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: “ಮೊಟ್ಟೆ ಮುಟ್ಟಬೇಡಿ. ರಕ್ತ ಇನ್ನೂ ಸಿಪ್ಪೆಯಲ್ಲಿ ಇದೆ. ಮರಿ ಅದನ್ನು ಒಳಗೆ ಎಳೆದುಕೊಳ್ಳುತ್ತಾ ಇದೆ.”