ಐದು ಚೀಲ ಚೆರಿಗೆ ಒಂದು ಸರ್ಟಿಫಿಕೇಟು

ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಜರಿದ ಸುದ್ದಿಯನ್ನು ಮೊಬೈಲಿನಲ್ಲಿ ಓದುತ್ತಿದ್ದೆ. ಯಾವ ಬರೆ, ಯಾವ ಊರು ಎಂದು ಕೇಳಬೇಡಿ. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಿದರೆ ಅದು ಯಾವುದೋ ಹೋಂಸ್ಟೇ ಹೆಸರು ಎಂದುಕೊಳ್ಳುತ್ತಾರೆ. ಅರ್ಧ ಓದುವಷ್ಟರಲ್ಲಿ ಕುಸಿದ ಮನೆಯ ಫೋಟೊ ಮೇಲೆಯೇ ಒಂದು ಜಾಹೀರಾತು ಬಂದು ಕೂತಿತು: ‘ಆರೇ ತಿಂಗಳಲ್ಲಿ ನಗರ ಯೋಜನಾ ತಜ್ಞರಾಗಿ!’ ಕೋಟು ತೊಟ್ಟ ಹುಡುಗನೊಬ್ಬ ಗಾಜಿನ ಕಟ್ಟಡಗಳ ಮುಂದೆ ಕೈಕಟ್ಟಿ ನಗುತ್ತಿದ್ದ. ಅವನ ಬೂಟಿನ ಕೆಳಗೆ ನಮ್ಮ ಬರೆಯ ಕೆಂಪು ಮಣ್ಣು.

ಮಾರನೆಯ ದಿನ ಅಕ್ಕನ ಮಗ ಬಂದ. ಬಿಇ ಸಿವಿಲ್ ಮುಗಿಸಿ ಗೋಣಿಕೊಪ್ಪದಲ್ಲಿ ಒಬ್ಬರ ಆಫೀಸಿನಲ್ಲಿ ಪ್ಲಾನ್ ಬರೆಯುತ್ತಿದ್ದಾನೆ, ತಿಂಗಳಿಗೆ 14,000. ಅವನ ಮೊಬೈಲಿನಲ್ಲೂ ಅದೇ ಕೋಟಿನ ಹುಡುಗ.

“ಮಾವ, ಸೇರಿಬಿಡ್ತೇನೆ. ಫೀಸು ನಲವತ್ತೈದು ಸಾವಿರ ಅಷ್ಟೇ.”

ಆ ನಲವತ್ತೈದರ ಬಾಲಕ್ಕೆ ಶೇ 18 ಜಿಎಸ್‌ಟಿ ಅಂಟಿಕೊಂಡಿತ್ತು. ಒಟ್ಟು 53,100 ರೂಪಾಯಿ. ದೊಡ್ಡ ಖರ್ಚನ್ನು ಚೀಲದಲ್ಲಿ ಅಳೆಯುವುದು ನಮ್ಮ ಕಡೆಯ ರೂಢಿ. ಹೆಚ್ಚುಕಮ್ಮಿ ಐದು ಚೀಲ ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು.

ವಿಚಾರಿಸೋಣ ಎಂದು ನಾನೇ ಫೋನ್ ಮಾಡಿದೆ. ಕೌನ್ಸೆಲರ್ ಎಂಬ ಹೆಣ್ಣುಮಗಳು ಬಹಳ ವಿನಯದಿಂದ, “ಸಾರ್, ದೇಶದಲ್ಲಿ ಪ್ಲಾನರ್‌ಗಳಿಗೆ ಭಾರೀ ಕೊರತೆ” ಎಂದಳು. ಸುಳ್ಳಲ್ಲ. ನೀತಿ ಆಯೋಗ 2021ರಲ್ಲಿ ಲೆಕ್ಕ ಹಾಕಿ ಹೇಳಿದೆ: ರಾಜ್ಯಗಳ ಯೋಜನಾ ಇಲಾಖೆಗಳಿಗೆ ಬೇಕಾದ ಟೌನ್ ಪ್ಲಾನರ್‌ಗಳು 12,000ಕ್ಕೂ ಹೆಚ್ಚು, ಮಂಜೂರಾದ ಹುದ್ದೆ 3,945, ಅದರಲ್ಲೂ ಶೇ 42 ಖಾಲಿ. ಇದಕ್ಕಿಂತ ಚಂದದ ಮಾತು ಅದೇ ವರದಿಯಲ್ಲಿದೆ. ಎಷ್ಟೋ ರಾಜ್ಯಗಳಲ್ಲಿ ಟೌನ್ ಪ್ಲಾನರ್ ಆಗಲು ಟೌನ್ ಪ್ಲಾನಿಂಗ್ ಓದಿರಲೇಬೇಕು ಎಂಬ ಕಡ್ಡಾಯವಿಲ್ಲವಂತೆ! ಮದುವೆಗೆ ವಾಲಗದವರನ್ನು ಗೊತ್ತುಮಾಡುವಾಗಲೂ ಊದಲು ಬರುತ್ತದೋ ಇಲ್ಲವೋ ಎಂದು ನಾವು ಒಂದು ಮಾತು ಕೇಳುತ್ತೇವೆ.

ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಬೇಕಾದರೆ 1972ರ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಪ್ಲಾನರ್ ಎಂದು ಹಾಕಲು ಬೋರ್ಡು ಮತ್ತು ಎರಡು ಮೊಳೆ ಸಾಕು. ಓದಿಯೇ ತೀರುತ್ತೇನೆ ಎನ್ನುವವರಿಗೆ ನಾಲ್ಕು ವರ್ಷದ ಬಿ.ಪ್ಲಾನ್ ಇದೆ, ಬಿಇ ಆದವರಿಗೆ ಎರಡು ವರ್ಷದ ಸ್ನಾತಕೋತ್ತರ ಪದವಿ ಇಲ್ಲೇ ಮೈಸೂರಿನಲ್ಲಿದೆ. ಆರು ತಿಂಗಳ ಕಾಗದಕ್ಕೆ ಯಾವ ಕುರ್ಚಿ ಸಿಗುತ್ತದೆ ಎಂದು ಆಕೆಯನ್ನು ಕೇಳಿದೆ. “ನಿಮ್ಮ ಪ್ರೊಫೈಲ್‌ಗೆ ವೆಯ್ಟ್ ಬರ್ತದೆ ಸಾರ್” ಎಂದಳು. ವೆಯ್ಟ್ ಎಂದರೆ ನಮಗೆ ಭಯ. ಬರೆಯ ಮೇಲೆ ವೆಯ್ಟ್ ಹಾಕಿ ಹಾಕಿಯೇ ನಾವು ಈ ಸ್ಥಿತಿಗೆ ಬಂದದ್ದು.

ಪಾಠಪಟ್ಟಿ ಕಳಿಸಿದಳು. ಮೂರನೆಯ ಪಾಠ, ಮೆಟ್ರೊ ನಿಲ್ದಾಣದಿಂದ 500–800 ಮೀಟರ್ ಒಳಗೆ ಜನವಸತಿಯನ್ನು ದಟ್ಟವಾಗಿಸುವುದು ಹೇಗೆ. ಕೊಡಗಿನಲ್ಲಿ ಮೆಟ್ರೊ ಇರಲಿ, ಒಂದು ಗಜ ರೈಲು ಹಳಿಯೂ ಇಲ್ಲ. ಆ ಸೂತ್ರವನ್ನು ಪಾಲಿಸಿದರೆ ಇಡೀ ಮಡಿಕೇರಿಯನ್ನು ಕಿತ್ತು ಮೈಸೂರಿಗೆ ಒಯ್ಯಬೇಕು. ನಾಲ್ಕನೆಯ ಪಾಠ ನಕ್ಷೆಯ ಬಣ್ಣಗಳದ್ದು: ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ವಾಣಿಜ್ಯಕ್ಕೆ ನೀಲಿ. ಜೂನ್ ಬಂದರೆ ಮಡಿಕೇರಿಯ ಬರೆಗಳಿಗೆಲ್ಲ ನೀಲಿ ಟಾರ್ಪಾಲು ಹೊದಿಸುತ್ತಾರಲ್ಲ, ಮೇಲಿನಿಂದ ಯಾರಾದರೂ ನೋಡಿದರೆ ಮಾಸ್ಟರ್ ಪ್ಲಾನ್ ಅಕ್ಷರಶಃ ಜಾರಿಯಾಗಿದೆ ಎಂದು ಖುಷಿಪಟ್ಟಾರು.

ಅರಸ ಮುದ್ದುರಾಜ ಹಾಲೇರಿಯಿಂದ ಬಂದು 1681ರಲ್ಲಿ ಮಡಿಕೇರಿ ಕಟ್ಟಿಸಿದ. ಅವನಿಗೂ ಸರ್ಟಿಫಿಕೇಟ್ ಇರಲಿಲ್ಲ. ಆದರೆ ಜೆಸಿಬಿಯೂ ಇರಲಿಲ್ಲ, ಅದೇ ನಮ್ಮ ಪುಣ್ಯ.

ಜೆಸಿಬಿ ಎಂದಾಗ ನೆನಪಾಯಿತು. ಒಂದು ಏಪ್ರಿಲ್‌ನಲ್ಲಿ ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬರು ಕಾಟೇಜಿಗೆಂದು ಬರೆ ಕಡಿಸುತ್ತಿದ್ದರು. ಹಾಸನದ ಕಡೆಯ ಆಪರೇಟರ್ ಹುಡುಗ ಒಂದು ಹಂತಕ್ಕೆ ಬಂದು ಕೈ ನಿಲ್ಲಿಸಿದ. “ಅಣ್ಣಾ, ಇನ್ನು ಹೊಡೆದ್ರೆ ಮೇಲಿನ ಮನೆ ಕೆಳಗೆ ಬರ್ತದೆ.” ಯಜಮಾನರು, “ಪ್ಲಾನ್ ಪಾಸಾಗಿದೆಯಪ್ಪ, ನೀನು ಹೊಡಿ” ಎಂದರು. ಹುಡುಗ ಕೀಲಿ ತಿರುಗಿಸಿ ಇಳಿದ, ಬೀಡಿ ಹಚ್ಚಿದ, ಹೊಡೆಯಲಿಲ್ಲ. ಮಧ್ಯಾಹ್ನಕ್ಕೆ ಬೇರೆ ಜೆಸಿಬಿ ಬಂತು. ನನ್ನ ಕಣ್ಣಾರೆ ನಾನು ಕಂಡ ಒಬ್ಬನೇ ನಗರ ಯೋಜಕ ಅವನು. ಅರ್ಧ ದಿನದ ಬಾಡಿಗೆ ಕಳೆದುಕೊಂಡ.

ಕಾಯ್ದೆ ಇಲ್ಲ ಎನ್ನುವಂತಿಲ್ಲ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಇದೆ. ಮೂಡಾ ಎಂಬ ನಗರಾಭಿವೃದ್ಧಿ ಪ್ರಾಧಿಕಾರ ಕೂಡ ಇದೆ. ಮಡಿಕೇರಿಯದ್ದು ಮಾರಾಯರೇ, ಪೇಪರಿನಲ್ಲಿ ಬಂದ ಮೈಸೂರಿನದ್ದಲ್ಲ. ಹಗರಣ ಮಾಡುವಷ್ಟು ಸಮತಟ್ಟಾದ ಜಾಗ ನಮ್ಮಲ್ಲಿ ಎಲ್ಲಿದೆ? ಇದ್ದ ಸಮತಟ್ಟೆಂದರೆ ಗದ್ದೆ. ಅದಕ್ಕೆ ಬರೆಯ ಮಣ್ಣು ತುಂಬಿಸಿ ಸೈಟು ಮಾಡಿಯಾಯಿತು. ಮೇಲೂ ಕೆಟ್ಟಿತು, ಕೆಳಗೂ ಕೆಟ್ಟಿತು, ಒಂದೇ ಲಾರಿ ಬಾಡಿಗೆಯಲ್ಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಜರಿದವು. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿದರು. ಮಳೆ ಜಾಸ್ತಿಯಾದದ್ದು ನಿಜ, ಆದರೆ ಮನೆ-ರಸ್ತೆಗೆಂದು ಇಳಿಜಾರನ್ನು ಕಂಡಲ್ಲಿ ಕಡಿದದ್ದೂ ಕಾರಣ ಎಂದರು. ಎರಡು ವರ್ಷದ ಮೇಲೆ ತಲಕಾವೇರಿಯಲ್ಲಿ ಬೆಟ್ಟ ಅರ್ಚಕರ ಮನೆಯ ಮೇಲೇ ಬಂತು. ಇದರಲ್ಲಿ ತಮಾಷೆ ಹುಡುಕುವ ತ್ರಾಣ ನನಗಿಲ್ಲ. ಗೊತ್ತಿಲ್ಲದೆ ಆದದ್ದು ಏನೂ ಇಲ್ಲ. ಕಡಿದವನಿಗೆ ಗೊತ್ತಿತ್ತು, ಸಹಿ ಹಾಕಿದವನಿಗೆ ಗೊತ್ತಿತ್ತು, ಪಕ್ಕದ ಮನೆಯಲ್ಲಿ ಕೂತು ನೋಡಿದ ನನಗೂ ಗೊತ್ತಿತ್ತು. ಮಳೆ ನಿಂತಿತು, ಗಂಜಿ ಕೇಂದ್ರ ಮುಚ್ಚಿತು, ಜೆಸಿಬಿ ವಾಪಸು ಬಂತು. ಈಗ ಹುಡುಗನೊಬ್ಬ ಐದು ಚೀಲ ಚೆರಿ ಕೊಟ್ಟು ಕಲಿತು ಬಂದು ಯಾರಿಗೆ ಹೇಳಬೇಕು?

ಇಷ್ಟೆಲ್ಲ ಹೇಳಿದರೂ ಅಳಿಯ ಮೊದಲ ಕಂತು ಕಟ್ಟಿದ. ಅರ್ಧ ನಾನೇ ಕೊಟ್ಟೆ, ಅಕ್ಕ ಬೇಜಾರು ಮಾಡಿಕೊಂಡಾಳು ಎಂದು. ಎರಡು ವಾರ ಕ್ಲಾಸು ಚೆನ್ನಾಗಿ ನಡೆಯಿತು. ಮೂರನೆಯ ವಾರ ಮಳೆ ಹಿಡಿದು, ತೋಟದ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟು ಹೋಯಿತು. ಹಿಂದೆಯೇ ಟವರ್ ಕೂಡ. ನಾಲ್ಕು ದಿನದ ಮೇಲೆ ಫೋನಿಗೆ ಜೀವ ಬಂದಾಗ ವಿಪತ್ತು ನಿರ್ವಹಣೆಯ ಪಾಠ ಮುಗಿದುಹೋಗಿತ್ತು. ಹಾಜರಾತಿ ಕಡಿಮೆಯಾಗಿದೆ ಎಂದು ಮೆಸೇಜು ಬಂದಿತ್ತು.