ಹೊಗೆಯಿಲ್ಲದ ಅಜ್ಜನ ಮನೆ

ಒಳಗೆ ಕಾಲಿಡುವಾಗಲೇ ತಲೆ ಹೊಡೆಸಿಕೊಂಡೆ. ದಾರಂದದ ಮೇಲೆ 'ತಲೆ ಜೋಪಾನ' ಎಂದು ಚಂದದ ಬೋರ್ಡು ಹಾಕಿದ್ದರು. ಅದನ್ನು ಓದಲು ತಲೆ ಎತ್ತಿದ್ದೇ ತಪ್ಪಾಯಿತು. ಅಜ್ಜನ ಮನೆ ಬಾಗಿಲಿಗೆ ಬೋರ್ಡು ಇರಲಿಲ್ಲ, ಹಾಗಾಗಿ ಬಗ್ಗಿಯೇ ಹೋಗುತ್ತಿದ್ದೆವು.

ಶಿರಸಿ ಹತ್ತಿರದ ಒಂದು ಹಳೇ ಹೆಂಚಿನ ಮನೆ ಅದು. ರಿಪೇರಿ ಮಾಡಿಸಿ ಈಗ ಬಾಡಿಗೆಗೆ ಕೊಡುತ್ತಾರೆ. "ನಿಮ್ಮದೇ ಮನೆ ಕೆಡವಿ ತಾರಸಿ ಹಾಕ್ಸಿದ್ರಿ, ಈಗ ಇನ್ನೊಬ್ಬರ ಜಗಲಿಗೆ ದುಡ್ಡು ಕೊಟ್ಟು ಬಂದ್ರಿ" ಎಂದಳು ಹೆಂಡತಿ. ಉತ್ತರ ಹೊಳೆಯಲಿಲ್ಲ. ಹಣೆ ಬೇರೆ ಉರಿಯುತ್ತಿತ್ತು.

ಬುಕ್ ಮಾಡುವಾಗ 'ಬೆಟ್ಟದ ನೋಟ' ಇರುವ ರೂಮಿಗೆ ರೇಟು ಜಾಸ್ತಿ ಅಂದಿದ್ದರು. ನನಗೆ ನಗು ಬಂತು. ನಮ್ಮ ಕಡೆ ಬೆಟ್ಟ ಅಂದರೆ ನೋಡುವ ಬೆಟ್ಟ ಅಲ್ಲ, ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ಲೆಕ್ಕದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಅಲ್ಲಿಂದ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ ತಂದು ಕೊಟ್ಟಿಗೆಗೆ ಹಾಸಬೇಕು, ಗೊಬ್ಬರ ಮಾಡಿ ತೋಟಕ್ಕೆ ಇಳಿಸಬೇಕು. ಸೊಪ್ಪಿನ ಹೊರೆ ಹೊತ್ತವರಿಗೆ ಕಾಣುತ್ತಿದ್ದ ನೋಟ ಅಂದರೆ ಮುಂದಿನವರ ಹಿಮ್ಮಡಿ.

ಅಟ್ಟವೂ ಈಗ ರೂಮು. ಎಲ್ಲಕ್ಕಿಂತ ದುಬಾರಿ ಅದೇ. ಮೊದಲು ಅಲ್ಲಿರುತ್ತಿದ್ದದ್ದು ಅಡಿಕೆ ಚೀಲ, ಕಾಳುಮೆಣಸು, ತೂತು ಬಿದ್ದ ಕೊಪ್ಪರಿಗೆ, ಸಿಟ್ಟು ಮಾಡಿಕೊಂಡ ಮಕ್ಕಳು. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದಾಗ, ಜಾಗ ಸಾಲದೆ ನೆಂಟರೂ.

ಮನೆಯನ್ನು ಪ್ರೀತಿಯಿಂದಲೇ ಉಳಿಸಿದ್ದಾರೆ, ಇಲ್ಲ ಅನ್ನುವಂತಿಲ್ಲ. ಆದರೂ ಏನೋ ಕಮ್ಮಿ ಅನಿಸುತ್ತಿತ್ತು. ರಾತ್ರಿ ಮಲಗಿ ಕಂಬ ನೋಡುವಾಗ ಹೊಳೆಯಿತು. ಕಂಬಕ್ಕೆ ಪಾಲಿಶ್ ಹಾಕಿ, ಈಗಷ್ಟೇ ಸ್ನಾನ ಮಾಡಿಸಿದ ಮಗುವಿನ ಹಾಗೆ ಮಾಡಿದ್ದರು. ನಮ್ಮ ಮನೆಯ ಕಂಬ ಕಪ್ಪಗಿತ್ತು, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅಡುಗೆಮನೆ, ಬಚ್ಚಲ ಒಲೆಯ ಹೊಗೆ ದಿನಾ ಅಟ್ಟಕ್ಕೆ ಏರಿ ಮರವನ್ನು ಒಣಗಿಸಿಡುತ್ತಿತ್ತು, ಹುಳ ಬರಗೊಡುತ್ತಿರಲಿಲ್ಲ. ಆರು ತಿಂಗಳು ಮಳೆ ಹೊಡೆಯುವ ಊರಲ್ಲಿ ಮನೆ ನಿಂತಿದ್ದೇ ಹೊಗೆಯಿಂದ. ಕಣ್ಣು ಉರಿಸಿಕೊಂಡು ಊದಿದವರು ಅಜ್ಜಿ, ಅತ್ತೆಯಂದಿರು. ಹಾಗಾಗಿ ಹೊಗೆಯನ್ನು ಹೊಗಳುವಾಗ ನಾನು ಸ್ವಲ್ಪ ಮೆಲ್ಲಗೆ ಮಾತಾಡುತ್ತೇನೆ.

ಬೆಳಿಗ್ಗೆ ಅಡುಗೆಯ ಅಕ್ಕ "ಆಸ್ರಿಗೆ ಎಂತ ಮಾಡ್ಲಿ?" ಎಂದರು, ಕುಡಿಯಲು ಏನು ಬೇಕು ಅಂತ. ನಾನು, ಬಚ್ಚಲ ಒಲೆ ಹೊತ್ತಿಸಬಹುದಾ ಅಂದೆ. ಅವರು ನನ್ನನ್ನೊಮ್ಮೆ, ರೂಮಿನ ಗೀಸರನ್ನೊಮ್ಮೆ ನೋಡಿದರು. "ಹೊಗೆ ಆತು ಹೇಳಿ ಬೈಯಡ ಮತ್ತೆ, ತಮಾ."

ಹಿಂದಿನ ಬಚ್ಚಲಲ್ಲಿ ತಾಮ್ರದ ಹಂಡೆ ಇನ್ನೂ ಇತ್ತು, ಫೋಟೋ ತೆಗೆಯುವವರಿಗೆ ಅಂತ. ಅಕ್ಕ ಒಲೆಗೆ ಒಂದು ಬುಟ್ಟಿ ಅಡಿಕೆ ಸಿಪ್ಪೆ ಸುರಿದು, ಒಣ ಸೋಗೆಗೆ ಬೆಂಕಿ ಹಚ್ಚಿ ತುರುಕಿದರು. ಮೊದಲು ಬೆಂಕಿಯೇ ಇಲ್ಲ, ಬರೀ ಹಳದಿ ಹೊಗೆ. ಆಮೇಲೆ ಒಳಗೆಲ್ಲೋ ಚಿಟಿಚಿಟಿ ಅಂದು ಸಿಪ್ಪೆ ಕೆಂಪಾಯಿತು. 2019ರಲ್ಲಿ ಶಿರಸಿ ಸುಪಾರಿಗೆ, ಅಂದರೆ ಇಲ್ಲಿನ ಅಡಿಕೆಗೆ, 'ಇದು ಈ ಊರಿನದೇ' ಎಂದು ಗುರುತಿಸುವ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದರ ಸಿಪ್ಪೆ ಹೊಗೆಗೂ ಒಂದು ಕೊಡಬಹುದಿತ್ತು.

ಆ ನೀರಿಗೇ ಒಂದು ವಾಸನೆ. ಮೊದಲ ತಂಬಿಗೆ ಬೆನ್ನಿಗೆ ಬಿದ್ದಾಗ ನಾನು 'ಹಾ' ಅಂದದ್ದು ಅಂಗಳಕ್ಕೆ ಕೇಳಿಸಿತಂತೆ. ಅಷ್ಟರಲ್ಲಿ ಅಟ್ಟದ ರೂಮಿನ ಬೆಂಗಳೂರು ಹುಡುಗ "ಎಲ್ಲೋ ಬೆಂಕಿ ಬಿದ್ದಿದೆ" ಎಂದು ಗಾಬರಿಯಲ್ಲಿ ಇಳಿದು ಬಂದ. ವಿಷಯ ಗೊತ್ತಾದ ಮೇಲೆ ಟವೆಲ್ ತಂದು ಬಾಗಿಲಲ್ಲೇ ನಿಂತ.

ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಅಕ್ಕ ಹಂಡೆಗೆ ಇಣುಕಿ ನೋಡಿ, ಕೊಡಪಾನವನ್ನು ನನ್ನ ಕಡೆ ಚಾಚಿದರು. "ಖಾಲಿ ಮಾಡ್ದವ್ವೇ ತುಂಬ್ಸವು."

ಅಜ್ಜಿಯ ಕಾನೂನೂ ಇದೇ ಆಗಿತ್ತು. ಒಂದು ರಾತ್ರಿಗೆ ಇಷ್ಟು ಅಂತ ಮುಂಗಡ ಕೊಟ್ಟ ಮನುಷ್ಯ ನಾನು, ಒದ್ದೆ ತಲೆಯಲ್ಲೇ ಬಾವಿ ಕಡೆ ಹೊರಟೆ. ಹೆಂಡತಿ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ 'ಬೆಟ್ಟದ ನೋಟ' ನೋಡುತ್ತಿದ್ದಳು.