ಸವಾಕೊ ಬಾಯಿ ಬಿಟ್ಟಾಗ

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಹೈಸ್ಕೂಲಿನ ಕ್ಲಾಸುರೂಮಿನಲ್ಲಿ ಕೂತವರಿರಲಾರರು ಅಂತ ನನ್ನ ಗುಮಾನಿ. ಅಲ್ಲಿ ಮಾತಾಡದವರಿಗೆ ಬಂಗಾರದ ಬೆಲೆ ಹಾಗಿರಲಿ, ತಗಡಿನ ಬೆಲೆಯೂ ಹುಟ್ಟುವುದಿಲ್ಲ. ನಾಲ್ಕು ದಿನ ಸುಮ್ಮನಿದ್ದರೆ ಜಂಬದವಳು, ತಿಂಗಳು ಸುಮ್ಮನಿದ್ದರೆ ಏನೋ ಐಬಿರುವವಳು. ‘ಕಿಮಿ ನಿ ತೊದೊಕೆ’ ಎಂಬ ಜಪಾನಿ ಅನಿಮೆಯ (ಅಂದರೆ ಕಾರ್ಟೂನ್ ಸರಣಿಯ) ಕುರೊನುಮಾ ಸವಾಕೊ ವಿಷಯದಲ್ಲಂತೂ ಸಹಪಾಠಿಗಳು ಇಷ್ಟಕ್ಕೆ ನಿಲ್ಲಿಸದೆ ಸೀದಾ ದೆವ್ವದ ಪಟ್ಟವನ್ನೇ ಕಟ್ಟಿಬಿಟ್ಟಿದ್ದಾರೆ.

ಅವಳ ತಪ್ಪೆಂದರೆ ಉದ್ದ ಕಪ್ಪು ಕೂದಲು, ಬಿಳಿಚಿದ ಮುಖ, ಕೆಳದನಿ. 1998ರ ‘ರಿಂಗು’ ಸಿನಿಮಾದಲ್ಲಿ ಟೀವಿಯೊಳಗಿಂದ ತೆವಳಿಕೊಂಡು ಬರುವ ಸದಾಕೊ ಎಂಬ ದೆವ್ವವನ್ನು ಕಂಡು ಬೆವೆತ ದೇಶ ಅದು. ಸವಾಕೊ ಸದಾಕೊ ಆಗಲು ಎಷ್ಟು ಹೊತ್ತು ಬೇಕು? ಮೂರು ಸೆಕೆಂಡಿಗಿಂತ ಹೆಚ್ಚು ಅವಳ ಕಣ್ಣು ನೋಡಿದರೆ ಕೇಡು ತಪ್ಪಿದ್ದಲ್ಲ ಅಂತ ಪುಕಾರು ಬೇರೆ. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಇಲ್ಲವೇ ಟಿಸಿ ತೆಗೆದುಕೊಂಡು ಹೋಗುತ್ತಿದ್ದರು. ಈ ಹುಡುಗಿಯ ಚಿಂತೆಯೇ ಬೇರೆ: ಜನ ಇಷ್ಟು ನಂಬಿಕೊಂಡಿದ್ದಾರಲ್ಲ, ನನಗೆ ನಿಜವಾಗಿ ಒಂದು ದೆವ್ವವೂ ಕಾಣಿಸುವುದಿಲ್ಲವಲ್ಲ, ಎಂಥ ನಿರಾಸೆ ಅವರಿಗೆ! ರಾತ್ರಿಯ ಕತ್ತಲಲ್ಲಿ ಧೈರ್ಯ ಪರೀಕ್ಷಿಸುವ ಆಟ ಆಡೋಣ ಎಂದು ಕ್ಲಾಸಿನವರು ಹೊರಟಾಗ ದೆವ್ವದ ವೇಷಕ್ಕೆ ತಾನೇ ಮುಂದಾಗುತ್ತಾಳೆ. ಕಡೆಗೂ ತನ್ನಿಂದ ನಾಲ್ಕು ಜನಕ್ಕೆ ಉಪಕಾರವಾಯಿತು ಅಂತ ಹಿಗ್ಗು. ದಿನಕ್ಕೊಂದು ಒಳ್ಳೆಯ ಕೆಲಸ ಅವಳ ವ್ರತ, ಮತ್ತು ಅದರಲ್ಲಿ ತೋರಿಕೆಯಿಲ್ಲ.

ಕರುಹೊ ಶೀನಾ ಇದನ್ನು ಮೊದಲು ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಆಗಿ ಬರೆದದ್ದು ‘ಬೆಸ್ಸತ್ಸು ಮಾರ್ಗರೆಟ್’ ಎಂಬ ಹುಡುಗಿಯರ ಪತ್ರಿಕೆಗೆ. ಅದು 30 ಸಂಪುಟಗಳಾಗಿ ಬೆಳೆದು 2017ರಲ್ಲಿ ಮುಗಿಯಿತು. ಪ್ರೊಡಕ್ಷನ್ ಐ.ಜಿ. ಸ್ಟುಡಿಯೋದ ಅನಿಮೆ ಶುರುವಾದದ್ದು 2009ರ ಅಕ್ಟೋಬರಿನಲ್ಲಿ. ಪುಟದಲ್ಲಿ ಸುಮ್ಮನಿರುವವಳನ್ನು ತೆರೆಯ ಮೇಲೆ ಸುಮ್ಮನಿರಿಸುವುದು ಕಷ್ಟದ ಕೆಲಸ. ಓದುವವರು ಕಾಯುತ್ತಾರೆ, ನೋಡುವವರು ರಿಮೋಟ್ ಹುಡುಕುತ್ತಾರೆ. ಇಲ್ಲಿ ಕೈಹಿಡಿದದ್ದು ಸವಾಕೊಗೆ ಮಾತು ಕೊಟ್ಟ ಮಾಮಿಕೊ ನೋತೋ ಅವರ ದನಿ. ಗಂಟಲಿನಿಂದ ಹೊರಟು ತುಟಿಯ ತನಕ ಬಂದು, ಹೊರಗೆ ಕಾಲಿಡಲೋ ಬೇಡವೋ ಅಂತ ಅನುಮಾನಿಸುವ ದನಿ ಅದು.

ಹಾಗೆ ನೋಡಿದರೆ ಸವಾಕೊ ಮಾತೇ ಆಡದವಳು ಅನ್ನುವುದೂ ಸುಳ್ಳು. ಕ್ಲಾಸಿನವರಿಗಷ್ಟೇ ಅವಳು ಮೂಕಿ. ನಮ್ಮ ಜೊತೆ ಅವಳ ಮಾತು ಮುಗಿಯುವುದೇ ಇಲ್ಲ. ಅವಳು ಮೆಚ್ಚಿದ ಸಹಪಾಠಿ ಕಜೆಹಾಯಾ ‘ಗುಡ್ ಮಾರ್ನಿಂಗ್’ ಅಂದರೆ ಸಾಕು, ಒಳಗೇ ಒಂದು ಹರಿಕಥೆ ಶುರು: ನನಗೇ ಹೇಳಿದನೆ, ನಾನು ವಾಪಸ್ ಹೇಳಿದ್ದು ಕೇಳಿಸಿತೆ, ನನ್ನ ನಗು ಮತ್ತೆ ವಿಕಾರವಾಯಿತೆ. ಅಷ್ಟರಲ್ಲಿ ಚಿತ್ರಕಾರರು ಅವಳನ್ನು ಚುಕ್ಕೆ ಕಣ್ಣಿನ ಗಿಡ್ಡ ಗೊಂಬೆಯಾಗಿ ಕುಗ್ಗಿಸಿರುತ್ತಾರೆ. ಹೊರಗೆ ಹುಡುಗಿ ಕಂಬದ ಹಾಗೆ ನಿಂತಿದ್ದಾಳೆ, ಒಳಗೆ ಜಾತ್ರೆ ನಡೆದಿದೆ, ಮತ್ತು ಜಾತ್ರೆಗೆ ಟಿಕೆಟ್ ಸಿಕ್ಕಿರುವುದು ನಮಗೆ ಮಾತ್ರ. ಅವಳ ಮೇಲೆ ನಮಗೆ ಹುಟ್ಟುವ ಅಕ್ಕರೆಯ ಗುಟ್ಟು ಇದೇ ಇರಬೇಕು. ಅವಳ ಕ್ಲಾಸಿನಲ್ಲೇ ಕೂತಿದ್ದರೆ ನಾನೂ ಆ ಮೂರು ಸೆಕೆಂಡು ಎಣಿಸುತ್ತಿದ್ದವನೇ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಟಾಯ್ಲೆಟ್ಟಿನ ದೃಶ್ಯ. ಪ್ರೇಮಕಥೆಯಲ್ಲಿ ಚೆರ್ರಿ ಹೂವಿನ ಮರ ಬಿಟ್ಟು ಟಾಯ್ಲೆಟ್ಟು ನೆನಪಿಟ್ಟುಕೊಳ್ಳುವವನ ರಸಿಕತೆಯ ಬಗ್ಗೆ ನೀವು ಏನು ಬೇಕಾದರೂ ಅಂದುಕೊಳ್ಳಿ. ಯೋಶಿದಾ, ಯಾನೋ ಎಂಬಿಬ್ಬರು ಹುಡುಗಿಯರು ಸವಾಕೊಳೊಡನೆ ಆಗತಾನೇ ಸಲಿಗೆಯಿಂದ ಇರತೊಡಗಿದ್ದಾರೆ. ಅವರಿಬ್ಬರ ಬಗ್ಗೆ ಶಾಲೆಯಲ್ಲಿ ಹೊಲಸು ಸುದ್ದಿ ಹಬ್ಬಿದೆ, ಹಬ್ಬಿಸಿದವಳು ಸವಾಕೊ ಅಂತಲೂ ಹಬ್ಬಿದೆ. ಟಾಯ್ಲೆಟ್ಟಿನಲ್ಲಿ ಕೆಲವು ಹುಡುಗಿಯರು ಅದನ್ನೇ ಆಡಿಕೊಳ್ಳುತ್ತಿದ್ದದ್ದು ಇವಳ ಕಿವಿಗೆ ಬೀಳುತ್ತದೆ. ತನ್ನನ್ನು ದೆವ್ವ ಅಂದಾಗ ತುಟಿ ಬಿಚ್ಚದವಳು ಈಗ ಎದುರು ಹೋಗಿ ನಿಲ್ಲುತ್ತಾಳೆ. ಮೈ ನಡುಗುತ್ತಿದೆ. ಆಡಿದ ಮಾತು ವಾಪಸ್ ತೊಗೊಳ್ಳಿ ಅನ್ನುತ್ತಾಳೆ. ಅವರು ಜಗ್ಗುವುದಿಲ್ಲ, ಇವಳೂ ಜಗ್ಗುವುದಿಲ್ಲ. ಪಂಚಿಂಗ್ ಡೈಲಾಗಿಲ್ಲ, ಹಿನ್ನೆಲೆಯಲ್ಲಿ ಡೋಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತಾಳೆ, ಅಷ್ಟೇ. ಜಗಳ ಆಡಿ ಅಭ್ಯಾಸವಿಲ್ಲದವರು ಜಗಳಕ್ಕೆ ನಿಂತರೆ ಹೀಗೇ. ಹೊರಳಿ ಹೋಗುವ ದಾರಿ ಅವರಿಗೆ ಗೊತ್ತಿರುವುದಿಲ್ಲ.

ಇದಕ್ಕೆ ಎದುರಾಗಿ ಕುರುಮಿ ಇದ್ದಾಳೆ. ಗೊಂಬೆಯಂಥ ಮುಖ, ಜೇನಿನಂಥ ಮಾತು, ಆ ಹೊಲಸು ಸುದ್ದಿಯ ಮೂಲವೂ ಅವಳೇ. ಕಜೆಹಾಯಾನನ್ನು ಒಲಿಸಿಕೊಳ್ಳಲು ಸಹಾಯ ಮಾಡು ಅಂತ ಸವಾಕೊಗೇ ಗಂಟು ಬೀಳುತ್ತಾಳೆ. ಎಲ್ಲರಿಗೂ ಹೂಂ ಅನ್ನುವ ಹುಡುಗಿ ಆಗ ‘ಆಗುವುದಿಲ್ಲ’ ಅಂದುಬಿಡುತ್ತಾಳೆ. ಕಾರಣ ಅವಳಿಗೇ ಆಮೇಲೆ ತಿಳಿಯುತ್ತದೆ.

ಹಾಗಂತ ಮೌನವನ್ನು ಈ ಕಥೆ ಪೂಜೆಗೆ ಕೂರಿಸುವುದಿಲ್ಲ. ಎರಡನೆಯ ಸೀಸನ್ನಿನ ಮೊದಲಿಗೇ ವ್ಯಾಲೆಂಟೈನ್ ದಿನ ಬರುತ್ತದೆ. ಜಪಾನಿನಲ್ಲಿ ಅವತ್ತು ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುವ ರೂಢಿ. ಸವಾಕೊ ಕೈಯಾರೆ ಮಾಡಿ ಉಳಿದವರಿಗೆಲ್ಲ ಹಂಚಿ, ಕಜೆಹಾಯಾನದನ್ನು ಮಾತ್ರ ಕೊಡಲಾರದೆ ಇಟ್ಟುಕೊಳ್ಳುತ್ತಾಳೆ. ಅವನದು ಉಳಿದವರದರಂಥದ್ದಲ್ಲವಲ್ಲ! ಅವನ ಲೆಕ್ಕದಲ್ಲಿ ನಡೆದದ್ದಿಷ್ಟು: ಊರಿಗೆಲ್ಲ ಸಿಕ್ಕಿತು, ತನಗೆ ಸಿಗಲಿಲ್ಲ. ಆ ಒಂದು ಚಾಕೊಲೇಟಿನಿಂದ ಹುಟ್ಟಿದ ಅಪಾರ್ಥ ಎಳೆದೂ ಎಳೆದೂ ಶಾಲೆಯ ಹಬ್ಬದ ತನಕ ಬರುತ್ತದೆ. ಇಬ್ಬರನ್ನೂ ಹಿಡಿದು ತಲೆಗೆ ತಲೆ ಡಿಕ್ಕಿ ಹೊಡೆಸಬೇಕು ಅನ್ನಿಸಿದ್ದುಂಟು. ಬೇಸಿಗೆಯ ಪಾನಕದಂಥ ಹುಡುಗ ಕಜೆಹಾಯಾ, ಕ್ಲಾಸಿಗೆ ಕ್ಲಾಸೇ ಅವನ ಸುತ್ತ ಮುತ್ತುತ್ತದೆ. ಅಂಥ ಮಾತುಗಾರನೂ ಬೇಕಾದ ಒಂದು ಮಾತಿಗೆ ತಡವರಿಸುತ್ತಾನೆ. ಮಾತು ಬರುವವರೆಲ್ಲ ಮಾತಾಡಿಬಿಡುತ್ತಾರೆ ಅಂತೇನಿಲ್ಲ. ಕಡೆಗೆ ಹಬ್ಬದ ಗಲಾಟೆಯ ನಡುವೆ ಅವನನ್ನು ಹುಡುಕಿಕೊಂಡು ಹೋಗಿ, ಇಷ್ಟ ಅಂತ ಬಾಯಿಬಿಟ್ಟು ಹೇಳುವವಳು ಇವಳು.

ಕಥೆ ನಿಧಾನ ಅಂತ ದೂರುವವರಿದ್ದಾರೆ. ದೂರು ಸುಳ್ಳಲ್ಲ. 2011ರ ಮಾರ್ಚಿನಲ್ಲಿ ಎರಡನೆಯ ಸೀಸನ್ ಮುಗಿಯಿತು. ಮೂರನೆಯದು ನೆಟ್‌ಫ್ಲಿಕ್ಸಿನಲ್ಲಿ ಬಂದದ್ದು 2024ರ ಆಗಸ್ಟಿನಲ್ಲಿ. ಮೊದಲೆರಡನ್ನು ಕಾಲೇಜಿನಲ್ಲಿ ಕದ್ದುಮುಚ್ಚಿ ನೋಡಿದವರಿಗೆ ಈ ನಡುವೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ರಿಮೋಟ್ ಕಸಿಯುವ ವಯಸ್ಸಿಗೆ ಬಂದಿವೆ. ತೆರೆಯ ಮೇಲಿನ ಜೋಡಿ ಮಾತ್ರ ಇನ್ನೂ ಯೂನಿಫಾರ್ಮಿನಲ್ಲೇ ಇದೆ. ಪ್ರೀತಿ ಹೇಳಿಕೊಂಡಾಯಿತು, ಊರಿಗೆಲ್ಲ ಗೊತ್ತೂ ಆಯಿತು, ಆದರೂ ಅವಳು ಅವನನ್ನು ಕಜೆಹಾಯಾ-ಕುನ್ ಅನ್ನುತ್ತಾಳೆ, ಅವನು ಅವಳನ್ನು ಕುರೊನುಮಾ ಅನ್ನುತ್ತಾನೆ. ಹಾಜರಿ ಪುಸ್ತಕದಲ್ಲಿರುವ ಮನೆತನದ ಹೆಸರುಗಳವು; ಕುನ್ ಅನ್ನುವುದು ಹುಡುಗರ ಹೆಸರಿಗೆ ಹಚ್ಚುವ ಬಾಲ. ಇಷ್ಟು ವರ್ಷ ಕಾದವರು ಇದಕ್ಕೂ ಕಾಯುತ್ತಾರೆ ಬಿಡಿ.